ಹಾಜರಿ ಪುಸ್ತಕದ ಮಂಗಲಾ

ಐದರಿಂದ ಏಳನೆಯ ಇಯತ್ತೆಯವರೆಗೆ ನಾನು ಏಕಕಾಲಕ್ಕೆ ಎರಡು ಶಾಲೆಗಳಲ್ಲಿ ಓದಿದೆ. ವಾಸ್ಕೋದ ಕನ್ನಡ ಶಾಲೆಯಲ್ಲಿ ನಾನಿರುತ್ತಿದ್ದೆ, ವಿಜಯಪುರದ ಕಡೆಯ ನಮ್ಮೂರ ಶಾಲೆಯಲ್ಲಿ ನನ್ನ ಹೆಸರಿರುತ್ತಿತ್ತು. ಊರಿನಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಬಿದ್ದು ಶಾಲೆ ಮುಚ್ಚುವ ಸುದ್ದಿ ಬಂದಾಗ, ಹೆಡ್‌ಮಾಸ್ತರರಾದ ಶಂಕರಲಿಂಗ ಸರ್ ಗೋವಾಕ್ಕೆ ದುಡಿಯಲು ಬಂದವರ ಮಕ್ಕಳ ಹೆಸರನ್ನೆಲ್ಲ ಹಾಜರಿ ಪುಸ್ತಕದಲ್ಲಿ ಸೇರಿಸಿಕೊಂಡರು. "ಹೆಸರಷ್ಟ ಇರ್ಲಿ ಪರಮಣ್ಣ" ಅಂದರಂತೆ ಅಪ್ಪನಿಗೆ. ಬಂದರಿನಲ್ಲಿ ಹಮಾಲಿ ಮಾಡುವ ಅಪ್ಪ ಹೆಸರಿಗೇನು ಬಾಡಿಗೆಯೇ ಎಂದುಕೊಂಡು ಒಪ್ಪಿದ. ತಪಾಸಣೆಯ ದಿನ ಮಾತ್ರ ನಮ್ಮನ್ನೆಲ್ಲ ಟೆಂಪೋದಲ್ಲಿ ತುಂಬಿ ಊರಿಗೆ ಒಯ್ಯುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಹದಿನೇಳರ ಮಗ್ಗಿ ಹೇಳುತ್ತಿದ್ದೆ. ತಪಾಸಣೆಯ ಸಾಹೇಬರು ಬೆನ್ನು ತಟ್ಟುತ್ತಿದ್ದರು.

ಈಗ ನನಗೆ ಇಪ್ಪತ್ತನಾಲ್ಕು. ಕಾನೂನು ಪದವಿ ಮುಗಿಸಿ ಪಣಜಿಯ ವಕೀಲೆ ಪದ್ಮಶ್ರೀ ಮೇಡಮ್ಮರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಸರ್ಕಾರಿ ಮೇಜಿನ ಈಚೆ ಬದಿ ನಿಂತು ನಿಂತು ಅವ್ವನ ಕಾಲು ಬಾತದ್ದನ್ನು ಕಂಡಿದ್ದೆ. ಆಚೆ ಬದಿ ಕೂತು ಒಬ್ಬಳಾದರೂ ನಮ್ಮವಳು "ಕೂಡ್ರವಾ" ಅನ್ನಬೇಕೆಂಬುದೇ ನನ್ನ ಆಸೆ. ಗೋವಾ ಸರ್ಕಾರದ ಕಾನೂನು ಇಲಾಖೆಯ ಸಹಾಯಕಿ ಹುದ್ದೆಯ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಗೋವಾದಲ್ಲಿ ಸತತ ಹದಿನೈದು ವರ್ಷ ಇದ್ದೇನೆಂಬ ಪ್ರಮಾಣಪತ್ರವೊಂದು ಬಾಕಿ ಇತ್ತು.

ಇದ್ದದ್ದು ಇಪ್ಪತ್ತು ವರ್ಷ. ಆದರೆ ಪ್ರಮಾಣಪತ್ರ ಕೊಡುವ ಕಚೇರಿಯ ವಿಚಾರಣೆಗೆ ಊರ ಶಾಲೆಯಿಂದ ಬಂದ ಉತ್ತರದಲ್ಲಿ, ಆ ಮೂರು ವರ್ಷ ಮಂಗಲಾ ಪರಮಣ್ಣ ಊರಲ್ಲೇ ಓದಿದ್ದಾಳೆ, ಒಂದು ದಿನವೂ ಗೈರಿಲ್ಲ ಎಂದಿತ್ತು. ಲೆಕ್ಕ ಅಲ್ಲಿಗೆ ಕಡಿಯಿತು. ಪದ್ಮಶ್ರೀ ಮೇಡಮ್ ಕಾಗದ ನೋಡಿ, "ಆ ಹಾಜರಿ ಸುಳ್ಳು ಅಂತ ಅದನ್ನ ಹಾಕಿದವ್ರ ಬಂದು ಹೇಳ್ಬೇಕು. ಬ್ಯಾರೆ ದಾರಿ ಇಲ್ಲ" ಅಂದರು. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವರ ಮೇಜಿನ ಮೇಲಿನ ಚಹಾ ಆರುತ್ತಿತ್ತು, ಅದನ್ನೇ ನೋಡುತ್ತ ನಿಂತೆ.

ಅಪ್ಪ ಫೋನ್ ಮಾಡಿದ. ಮೂರನೆಯ ದಿನ ಶಂಕರಲಿಂಗ ಸರ್ ಇಸ್ತ್ರಿ ಮಾಡಿದ ಧೋತರ ಉಟ್ಟು ರೈಲಿನಿಂದ ಇಳಿದರು. ನಿವೃತ್ತರಾಗಿ ಆರು ವರ್ಷ. ಈಗಲೂ ದಿನಾ ಬೆಳಿಗ್ಗೆ ಶಾಲೆಗೆ ಹೋಗಿ ಪುಕ್ಕಟೆ ಪಾಠ ಹೇಳುತ್ತಾರೆ.

"ಸರ, ಸುಳ್ಳು ಹಾಜರಿ ಹಾಕೀನಿ ಅಂತ ಬರಕೊಟ್ರ ನಿಮ್ಮ ಪೆನ್ಶನ್ನಿಗೆ ತ್ರಾಸ ಆಗಬಹುದ್ರಿ" ಎಂದೆ. ಹೇಳುವುದು ನನ್ನ ಕರ್ತವ್ಯವಾಗಿತ್ತು, ಹೇಳಿದೆ.

"ಆಗ್ಲಿ ತಗೋ. ನಮ್ಮ ಸಾಲಿ ಹುಡುಗಿ ಸರ್ಕಾರದಾಗ ಕೂಡ್ರತಾಳ" ಎಂದು ನಕ್ಕರು. ನಮ್ಮ ಶಾಲೆಯ ಹುಡುಗಿ. ಅಲ್ಲಿ ನಾನು ಕೂತದ್ದು ಒಟ್ಟು ಮೂರು ದಿನ.

ಮರುದಿನ ಮಾಮಲೇದಾರ, ಅಂದರೆ ಇಲ್ಲಿನ ತಹಶೀಲ್ದಾರರ, ಕಚೇರಿಗೆ ಹೋದೆವು. ಹುದ್ದೆಗಾಗಿ ಪ್ರಮಾಣಪತ್ರ ಪಡೆಯಲು ನನಗೆ ಅದೇ ಕೊನೆಯ ದಿನ. ಅಧಿಕಾರಿಗೆ ಕನ್ನಡ ಬಾರದು, ಸರ್‌ಗೆ ಕೊಂಕಣಿ ಬಾರದು. "ತೂಂಚ್ ಸಾಂಗ್, ವಕೀಲ್ ನ್ಹಯ್?" ನೀನೇ ಹೇಳು, ವಕೀಲಳಲ್ಲವೇ ಎಂದು ಅಧಿಕಾರಿ ಅನುವಾದ ನನಗೇ ವಹಿಸಿದರು. ಅವರ ಪ್ರಶ್ನೆ ನಾನು ಕನ್ನಡಕ್ಕೆ ತಂದೆ, ಸರ್ ಕೊಟ್ಟ ಉತ್ತರ ಕೊಂಕಣಿಗೆ ಒಯ್ದೆ. ಹೌದು, ಹುಡುಗಿ ವಾಸ್ಕೋದಲ್ಲೇ ಇದ್ದಳು. ಹೌದು, ಹಾಜರಿ ನಾನೇ ಹಾಕಿದೆ. ಅಧಿಕಾರಿ ಎಲ್ಲ ಬರೆದುಕೊಂಡರು. ಪೆನ್ನಿನ ಟೋಪಿ ಮುಚ್ಚುವ ಹೊತ್ತಿಗೆ ಇನ್ನೊಂದು ಕೇಳಿದರು. ಈಗಲೂ ಹೀಗೇ ನಡೆಯುತ್ತಿದೆಯೇ?

ಈ ಪ್ರಶ್ನೆಗೂ ನನ್ನ ಪ್ರಮಾಣಪತ್ರಕ್ಕೂ ಸಂಬಂಧವಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಹೇಳಿದರೆ ಅವರಿಗೆ ಸಂಶಯ ಬಂದು ಕಡತ ನಾಳೆಗೆ ಹೋಗುತ್ತಿತ್ತು, ನಾಳೆ ಎಂಬುದು ನನಗಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಕೇಳಿ, ಏನಾದರೂ ಉತ್ತರ ಒಯ್ಯಬಹುದಿತ್ತು. ಇದೆಲ್ಲ ನನಗೆ ಸ್ಪಷ್ಟವಾಗಿ ಹೊಳೆಯಿತು. ಎದೆಯಲ್ಲಿ ಮಾತ್ರ ಏನೂ ಅಲುಗಲಿಲ್ಲ.

"ಈಗೂ ಹಂಗ ನಡದೈತೇನ್ರಿ ಸರ?" ಎಂದು ಕೇಳಿದೆ.

ಸರ್ ನನ್ನ ಮುಖ ನೋಡಿದರು. ನಾನು ಕಾಗದ ನೋಡಿದೆ.

"ನಡದೈತವಾ. ಇಪ್ಪತ್ತೆರಡು ಹೆಸರದಾಗ ಹದಿಮೂರು ಇಲ್ಲೇ ಗೋವಾದಾಗ ಅದಾವು. ಇಲ್ಲಾಂದ್ರ ಸಾಲಿ ಉಳಿಯೂದಿಲ್ಲ."

ಅದನ್ನೂ ಕೊಂಕಣಿಯಲ್ಲಿ ಹೇಳಿದೆ, ಹದಿಮೂರು ಎಂಬುದನ್ನೂ ಸೇರಿಸಿ. ಅಧಿಕಾರಿ ಪೆನ್ನಿನ ಟೋಪಿ ಮತ್ತೆ ತೆಗೆದು ಅದನ್ನೂ ಬರೆದರು. ಹೇಳಿಕೆಯ ಒಂದು ಪ್ರತಿ ವಿಜಯಪುರ ಜಿಲ್ಲೆಯ ಶಿಕ್ಷಣ ಇಲಾಖೆಗೆ ಹೋಗುತ್ತದೆ, ಅದು ನಿಯಮ ಅಂದರು. ಸರ್ ಸಹಿ ಮಾಡಿದರು. ಸಂಜೆ ನಾಲ್ಕಕ್ಕೆ ನನ್ನ ಕೈಗೆ ಪ್ರಮಾಣಪತ್ರ ಬಂತು. ಸಂತೋಷ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ.

ಹೊರಗೆ ಬಸ್ಸಿಗೆ ನಿಂತಾಗ ಸರ್ ಕೇಳಿದರು, "ನಾ ಹೇಳಿದ್ದೆಲ್ಲಾ ಇದ್ದದ್ದು ಇದ್ದಂಗ ಹೇಳಿದಿ ಇಲ್ಲ?"

"ಹೌದ್ರಿ ಸರ. ಒಂದಕ್ಷರ ಬಿಡಲಿಲ್ರಿ."

ಅವರು ತಲೆಯಾಡಿಸಿದರು.

"ಚಲೋ ಆತು" ಅಂದರು. "ವಕೀಲರು ಹಂಗ ಇರಬೇಕವಾ."