ಕೆಳಗಿನ ಬಲ ಮೂಲೆ

ಫ್ರೇಮು ಇನ್ನೊಂದು ಕೂದಲೆಳೆಯಷ್ಟು ಎಡಕ್ಕೆ, ಅನ್ನುತ್ತೇನೆ ನಾನು, ಇಲ್ಲ ಮೇಡಂ ಲೆವೆಲ್ ಸರಿಯಾಗೇ ಇದೆ, ಗುಳ್ಳೆ ನಡುವೆ ನಿಂತಿದೆ ನೋಡಿ, ಅನ್ನುತ್ತಾನೆ ಏಣಿಯ ಮೇಲಿನವನು, ನಿಂತಿರಬಹುದು, ನನ್ನ ಕಣ್ಣಿಗೆ ಮಾತ್ರ ಇಡೀ ಕೋಣೆಯೇ ಬಲಕ್ಕೆ ವಾಲಿದೆ, ಬೆಳಗಿನಿಂದ ನಿಂತ ಕಾಲು, ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿದೆ, ವಾಲಿರುವುದು ನಾನೇ ಇರಬೇಕು, ಆಯ್ತು ಇಳಿಯಪ್ಪ — ಸ್ವತಂತ್ರ ಕ್ಯುರೇಟರ್ ಎಂದು ಕರಪತ್ರದಲ್ಲಿ ಹಾಕಿದ್ದಾರೆ, ಸ್ವತಂತ್ರ ಎಂದರೆ ಟೇಪು ನನ್ನದೇ, ಕತ್ತರಿ ನನ್ನದೇ, ಬೈಗುಳವೂ ನನಗೇ, ಚಿತ್ರ ಆರಿಸುವ ಕೆಲಸ ವರ್ಷಕ್ಕೆ ನಾಲ್ಕು ದಿನ, ಉಳಿದದ್ದೆಲ್ಲ ಮೊಳೆ, ಬಲ್ಬು, ಸಮಾಧಾನ. ವಿಡಿಯೋದವನಿಗೆ ಕತ್ತಲೆ ಸಾಲದು, ಪಕ್ಕದ ಶಿಲ್ಪಿಗೆ ಬೆಳಕು ಸಾಲದು, ಇಬ್ಬರಿಗೂ ಹೂಂ ಅಂದಿದ್ದೇನೆ, ಇಬ್ಬರೂ ನಾಳೆ ಜಗಳಕ್ಕೆ ಬರುತ್ತಾರೆ, ಬರಲಿ, ಅದು ನಾಳೆಯ ಮಾತು, ಇವತ್ತು ನಾಲ್ಕು ಗಂಟೆಗೆ ಅಕ್ಕ ಬರುತ್ತಾಳೆ, ಈಗ ಮೂರೂಕಾಲು, ಮೇಜಿನ ಮೇಲೆ ಉಳಿದಿರುವುದು ಒಂದೇ ಚಿತ್ರ, ಅಕ್ಕನದು, ಇದ್ದಿಲಿನಲ್ಲಿ ಬರೆದ ಅಮ್ಮನ ಕೈಗಳು, ಒದ್ದೆ ಬಟ್ಟೆ ಹಿಂಡುತ್ತಿರುವ ಕೈಗಳು, ಮಣಿಕಟ್ಟಿನ ನರ ಈಗಲೂ ಬಿಗಿದೇ ಇದೆ, ಅಮ್ಮನೇ ಇಲ್ಲ, ನರ ಬಿಗಿದೇ ಇದೆ, ಮತ್ತು ಕೆಳಗಿನ ಬಲ ಮೂಲೆಯಲ್ಲಿ ಲೋಟದ ಅಡಿಯಷ್ಟಗಲ ಒಂದು ಕಂದು ಉಂಗುರ.

ಸ್ಥಿತಿಪತ್ರ ಬರೆಯದೆ ಯಾವ ಕೃತಿಯೂ ಗೋಡೆ ಏರುವಂತಿಲ್ಲ, ಇದು ನಾನೇ ಮಾಡಿದ ನಿಯಮ, ಬಂದ ಚಿತ್ರವನ್ನು ಇಂಚಿಂಚು ನೋಡಬೇಕು, ಹರಿದದ್ದು, ಮಡಚಿದ್ದು, ಹುಳ ತಿಂದದ್ದು, ಎಲ್ಲಿ, ಎಷ್ಟು, ಹೇಗಾಯಿತು ಎಂದು ಮೂರು ಅಂಕಣ ತುಂಬಿ ಸಹಿ ಹಾಕಬೇಕು, ಎಷ್ಟು ಜನ ಹುಡುಗಿಯರಿಗೆ ಇದನ್ನು ಹೇಳಿಕೊಟ್ಟಿಲ್ಲ ನಾನು, ಸುಳ್ಳು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ ಕಣ್ರಮ್ಮ ಅಂತ, ಊರಿಗೆಲ್ಲ ಬುದ್ಧಿ ಹೇಳುವವಳು. ಎಲ್ಲಿ, ಬರೆದಿದ್ದೇನೆ. ಎಷ್ಟು, ಅಳೆದು ಬರೆದಿದ್ದೇನೆ. ಹೇಗಾಯಿತು — ಬೆಳಿಗ್ಗೆ ಫ್ರೇಮಿನವನು ಭೂತಗನ್ನಡಿ ಹಿಡಿದು ಬಗ್ಗಿದ, ಯಾರೋ ಪುಣ್ಯಾತ್ಮರು ಟೀ ಲೋಟ ಇಟ್ಬಿಟ್ಟಿದಾರಲ್ಲ ಮೇಡಂ, ಅಯ್ಯೋ, ಒಂದ್ಸಲ ಅಲ್ಲ, ಎರಡ್ಸಲ ಇಟ್ಟಿದಾರೆ, ನೋಡಿ ಇಲ್ಲಿ, ಒಂದರ ಮೇಲೊಂದು, ಸ್ವಲ್ಪ ಸರಿದಿದೆ, ಎಂದ, ಅವನಿಗೇನು ಗೊತ್ತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ಪಕ್ಕದಲ್ಲೇ ನಿಂತಿದ್ದಳು, ಮೌಂಟ್ ಅಗಲ ಮಾಡಿ ಮುಚ್ಚಿಬಿಡಪ್ಪ ಅಂದೆ, ಹಾಗೇ ಮಾಡೋಣ ಮೇಡಂ, ಸುತ್ತ ರಟ್ಟಿನ ಅಂಚು ಒಂದಿಂಚು ಜಾಸ್ತಿ ಬಂದರೆ ಯಾರಿಗೂ ಗೊತ್ತಾಗಲ್ಲ, ಕತ್ತರಿಸಿ ಇಟ್ಟು ಹೋಗಿದ್ದಾನೆ, ಬೆಳ್ಳಗಿನ ರಟ್ಟು, ಅಂಚು ನೀಟಾಗಿದೆ.

ಯಾರಿಗೂ ಗೊತ್ತಾಗಲ್ಲ, ಮೂವತ್ತೊಂದು ವರ್ಷ ಯಾರಿಗೂ ಗೊತ್ತಾಗಿಲ್ಲ, ಕಲಾಶಾಲೆಯ ವಾರ್ಷಿಕ ಪ್ರದರ್ಶನ, ಒಬ್ಬರಿಂದ ಒಂದೇ ಚಿತ್ರ, ಐದು ಗಂಟೆಯೊಳಗೆ ಕೊಡಬೇಕು, ಅಕ್ಕನೂ ನಾನೂ ಅಲ್ಲೇ ಓದುತ್ತಿದ್ದೆವು, ಇಬ್ಬರಿಗೂ ಒಂದೇ ಕೋಣೆ ಒಂದೇ ಮೇಜು, ನಾನು ಹೂಜಿ ಬರೆದಿದ್ದೆ, ತಪ್ಪೇ ಇಲ್ಲದ, ಜೀವವೂ ಇಲ್ಲದ ಹೂಜಿ, ಅಕ್ಕ ಕೈಗೆ ಮೆತ್ತಿದ ಇದ್ದಿಲು ತೊಳೆಯಲು ಹಿತ್ತಲಿಗೆ ಹೋಗಿದ್ದಾಳೆ, ನಾನು ಅವಳ ಚಿತ್ರದ ಮೇಲೆ ಟೀ ಲೋಟ ಇಟ್ಟೆ, ದೇವರಾಣೆ ನೋಡದೇ ಇಟ್ಟೆ, ಎತ್ತಿದೆ, ಒದ್ದೆ ಉಂಗುರ, ಬಟ್ಟೆಯಲ್ಲಿ ಮೆತ್ತಗೆ ಒತ್ತಿದ್ದರೆ ಹೋಗುತ್ತಿತ್ತು, ಬಟ್ಟೆ ಕೈಗೆಟಕುವಂತೆಯೇ ಇತ್ತು, ಹಿತ್ತಲಲ್ಲಿ ನೀರಿನ ಸದ್ದು, ಅವಳ ಹಾಡು, ಆ ಕೈಗಳನ್ನು ನೋಡಿದೆ, ಇಂಥದ್ದು ನನ್ನಿಂದ ಈ ಜನ್ಮದಲ್ಲಿ ಆಗದು ಎಂದು ಗೊತ್ತಾಯಿತು, ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ, ಲೋಟವನ್ನು ಮತ್ತೆ ಇಟ್ಟೆ, ಒತ್ತಿ ಇಟ್ಟೆ. ಕೈತಪ್ಪಿ ಆಯ್ತು ಅಕ್ಕ, ನೋಡ್ಲಿಲ್ಲ, ಎಂದು ಅತ್ತೆ, ಅತ್ತದ್ದು ನಿಜವಾಗಿಯೇ, ಅವಳು ಎಷ್ಟೋ ಹೊತ್ತು ಮೂಲೆಯನ್ನು ನೋಡಿ, ಇರ್ಲಿ ಬಿಡೇ, ಅಳಬೇಡ, ಎಂದು ನನ್ನ ಕಣ್ಣೊರೆಸಿದಳು, ಚಿತ್ರ ಕಳಿಸಲಿಲ್ಲ, ಹೂಜಿ ಆಯ್ಕೆಯಾಯಿತು, ಹೂಜಿಯಿಂದ ನಾನು ದಾರಿ ಕಂಡೆ, ಬರೆಯಲಾಗದವಳು ಬರೆಯುವವರ ಚಿತ್ರ ನೇತುಹಾಕುವವಳಾದೆ, ಅವಳು ಶಾಲೆಯಲ್ಲಿ ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಮಾವಿನಹಣ್ಣು ಬರೆದು ಅಳಿಸಿದಳು.

ಗೋಡೆ ಕಾಣದ ಚಿತ್ರಗಳು ಅಂತ ಪ್ರದರ್ಶನ ಮಾಡ್ತಿದ್ದೀನಿ ಅಕ್ಕ, ನಿನ್ನದೊಂದು ಕೊಡು, ಎಂದಾಗ ದೊಡ್ಡ ಉಪಕಾರ ಮಾಡುವವಳ ದನಿ ನನ್ನದು, ಟ್ರಂಕಿನಲ್ಲಿ ಎಂಬತ್ತು ಚಿತ್ರ ಇವೆ, ನಾನು ಕೇಳಿದ್ದು ನದಿಯದು, ಅವಳು ಕಳಿಸಿದ್ದು ಇದು, ಫೋನಿನಲ್ಲಿ, ಮೌಂಟು ಗೀಂಟು ಬೇಡ ಕಣೇ, ಕಾಗದ ಪೂರ್ತಿ ಕಾಣಲಿ, ಮೂಲೆ ಸಮೇತ, ಎಂದಳು, ಉಪ್ಪು ಹಾಕಿದ್ಯಾ ಎಂದು ಕೇಳುವಷ್ಟು ಸಲೀಸಾಗಿ. ಮೂಲೆ ಸಮೇತ. ನನಗೆ ಹೆದರಿಕೆ, ಐವತ್ತಮೂರರ ಹೆಂಗಸಿಗೆ ಅಕ್ಕನ ಹೆದರಿಕೆ, ರಟ್ಟು ಇಟ್ಟು ನೋಡುತ್ತೇನೆ, ಉಂಗುರ ಇಲ್ಲ, ಕೈಗಳು ಎಷ್ಟು ಚೆಂದ, ಎತ್ತುತ್ತೇನೆ, ಇದೆ, ಮತ್ತೆ ಇಡುತ್ತೇನೆ — ಇಟ್ಟೆ, ಎತ್ತಿದೆ, ಮತ್ತೆ ಇಟ್ಟೆ, ಅಯ್ಯೋ, ಈ ಕೈಗೆ ಇದೊಂದೇ ಕೆಲಸವೇ — ಏನ್ರಪ್ಪಾ ದಾರೀಲೆಲ್ಲ ಏಣಿ, ಬಾಗಿಲಲ್ಲಿ ಅವಳ ದನಿ, ಇನ್ನೂ ಮೂರೂವರೆ, ಎಂದೂ ಹೊತ್ತಿಗೆ ಮುಂಚೆಯೇ ಬರುವವಳು, ರಟ್ಟು ನನ್ನ ಕೈಯಲ್ಲೇ ಇದೆ, ಅವಳು ಮೇಜಿನ ಬಳಿ ಬಂದು, ಕನ್ನಡಕ ಹಾಕಿ, ಬಗ್ಗಿ, ಅಮ್ಮನ ಕೈಗಳನ್ನಲ್ಲ, ಮೂಲೆಯನ್ನು ನೋಡಿದಳು. ಎರಡೂ ಹಾಗೇ ಇದೆಯಲ್ಲೇ, ಎಂದಳು. ಎರಡೂ. ಅಕ್ಕಾ, ನಿನಗೆ, ಯಾವಾಗಿನಿಂದ, ಎಂದು ನನ್ನ ಬಾಯಲ್ಲಿ ಏನೋ, ಅವಳು ಸ್ಟೂಲು ಎಳೆದುಕೊಂಡು, ಅದೇನೋ ಬರೀತಿದ್ಯಲ್ಲ, ಬರಿ, ನಾನು ಕೂತಿರ್ತೀನಿ, ಎಂದಳು, ಬೈದಿದ್ದರೆ ಚೆನ್ನಾಗಿತ್ತು, ರಟ್ಟನ್ನು ನೆಲಕ್ಕಿಟ್ಟೆ, ಪೆನ್ನು ತೆಗೆದೆ, ಹೇಗಾಯಿತು, ಕೈತಪ್ಪಿ, ಅಲ್ಲ, ಮೊದಲನೆಯದು ಕೈತಪ್ಪಿ, ಎರಡನೆಯದು, ಎರಡನೆಯದು — ಪೆನ್ನು ಮುಂದೆ ಹೋಗದು, ಕೆಳಗಿನ ಬಲ ಮೂಲೆ, ಒಂದು ಉಂಗುರ, ಅದರ ಮೇಲೆ ಇನ್ನೊಂದು, ಸ್ವಲ್ಪ ಸರಿದು