ಎಡಗೈ ಹೊಲಿಗೆ

ಬಿಗಿಯಾಯಿತೆಂದು ಹೊಲಿಗೆ ಕೋಣೆಗೆ ಬಂದಿದ್ದ ಪುಟ್ಟ ಅಂಗಿಯ ಕಂಕುಳಿಗೆ ಕತ್ತರಿ ಇಟ್ಟವಳು ಅಲ್ಲೇ ಕೈ ತಡೆದಳು. ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು. ದಿಕ್ಕಿಲ್ಲದವರಿಗೆ ಸೂರು ಕೊಡುವ, ಎತ್ತರದ ಗೋಡೆಯೊಳಗಿನ ಆ ಮನೆಯ ನಲವತ್ತು ಹೆಂಗಸರಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಅವಳೊಬ್ಬಳೇ. ಎಲ್ಲರೂ ಕರೆಯುತ್ತಿದ್ದುದೇ ಎಡಚಿ ಎಂದು.

ಗಂಡ ಸತ್ತ ಮೇಲೆ ತುಂಬು ಬಸುರಿಯಾಗಿ ಇಲ್ಲಿಗೆ ಬಂದವಳು ಹುಟ್ಟುವ ಮಗುವಿಗೆಂದು ಈ ಅಂಗಿ ಹೊಲಿದಿದ್ದಳು. ಹೆರಿಗೆಯ ಮಾರನೆಯ ದಿನ ಮನೆಯ ಯಜಮಾನಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಬಂದು ಹೇಳಿದ್ದಳು: ಹೆಣ್ಣು ಮಗು, ಉಳಿಯಲಿಲ್ಲ, ನೀನು ಹೊಲಿದ ಅಂಗಿಯನ್ನೇ ತೊಡಿಸಿ ಮಣ್ಣು ಮಾಡಿದೆವು. ಐದು ತಿಂಗಳಿಂದ ಎಡಚಿ ಹಿತ್ತಿಲ ಮೂಲೆಯಲ್ಲಿ ಅವರು ತೋರಿಸಿದ ದಿಬ್ಬದ ಮುಂದೆ ಕೂತು ಅತ್ತು ಬರುತ್ತಿದ್ದಳು.

ಈಗ ಅಂಗಿಯನ್ನು ಮೂಗಿಗೆ ಹಿಡಿದಳು. ಕೊರಳ ಹತ್ತಿರ ಹುಳಿ ವಾಸನೆ. ಸತ್ತ ಮಗು ಹಾಲು ಕಕ್ಕುವುದಿಲ್ಲ.

ಚಿಂದಿಯನ್ನೂ ಬಿಸಾಡಬಾರದು, ಬಿಗಿಯಾದದ್ದೆಲ್ಲ ಹೊಲಿಗೆ ಕೋಣೆಗೇ ಬರಬೇಕು ಎಂಬುದು ದೊಡ್ಡಮ್ಮನೇ ಮಾಡಿದ ಕಟ್ಟಳೆ. ಮೇಲಂತಸ್ತಿನ ಆಯಾ ಪಾಪ, ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆ ಮೇಲಂತಸ್ತಿನ ಮೆಟ್ಟಿಲ ಬಾಗಿಲಿಗೆ ಸದಾ ಬೀಗ, ಬೇರೆ ಯಾರೂ ಹತ್ತುವಂತಿರಲಿಲ್ಲ. ಅಲ್ಲಿಂದ ಅಳು ಕೇಳಿಸಿದರೆ ಗಾಳಿ ಎನ್ನುತ್ತಿದ್ದರು.

ಎಡಚಿ ನೇರ ಊಟದ ಮನೆಗೆ ನಡೆದಳು. ಎಲ್ಲರೂ ತಟ್ಟೆಯ ಮುಂದಿದ್ದರು.

"ದೊಡ್ಡಮ್ಮ, ಮಣ್ಣಲ್ಲಿರೋ ಅಂಗಿ ಬಿಗಿ ಆಗತ್ತಾ?"

ಅಂಗಿ ನೋಡಿ ದೊಡ್ಡಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆದರೂ ದನಿ ಏರಿಸಲಿಲ್ಲ. "ನನ್ನ ನಂತರ ಈ ಮನೆಗೆ ಒಬ್ಬಳು ಬೇಕು. ಯಾರ ಮಗಳೂ ಅಲ್ಲದೆ ಬೆಳೆದ್ರೆ ಮಾತ್ರ ಅವಳು ಎಲ್ಲರವಳಾಗ್ತಾಳೆ. ನಿಂಗೆ ಸೂರು ಕೊಟ್ಟೋರು ಯಾರು, ನೆನಪಿದೆಯಾ?"

"ಸೂರಿಗೆ ಬೆನ್ನು ಮುರಿಯೋ ಹಾಗೆ ಹೊಲಿದಿದ್ದೀನಿ. ಮಗಳನ್ನ ಕೊಡ್ತೀನಿ ಅಂದಿರಲಿಲ್ಲ. ಬೀಗದ ಕೈ ಕೊಡಿ."

ಆಗ ಅಡುಗೆಯ ಮುದುಕಿ ಎದ್ದು ಬಂದು ಸೊಂಟದಿಂದ ಬೀಗದ ಕೈ ಬಿಚ್ಚಿದಳು.

"ದಿನಕ್ಕೆ ಆರು ಸಲ ಹಾಲು ಕಾಯಿಸಿ, ಮೆಟ್ಟಿಲ ಬಾಗಿಲು ತೆಗೆದು ಆಯಾ ಕೈಗೆ ಕೊಡ್ತೀನಿ. ಗಾಳಿ ಎಲ್ಲಾದ್ರೂ ಹಾಲು ಕುಡಿಯತ್ತಾ?" ಎಂದಳು. "ಬಾಯಿ ಮುಚ್ಕೊಂಡಿದ್ದೆ ಕಣವ್ವ. ತಪ್ಪಾಯ್ತು."

ಕ್ಷಮಿಸುವಷ್ಟು ಪುರಸೊತ್ತು ಎಡಚಿಗಿರಲಿಲ್ಲ. ಬೀಗದ ಕೈ ಕಸಿದುಕೊಂಡು ಮೆಟ್ಟಿಲು ಹತ್ತಿದಳು.

ಇಳಿದಾಗ ಸೊಂಟದ ಮೇಲೆ ಬರೀ ಮೈಯ ಮಗುವಿತ್ತು. ಹೊಸ ಮುಖ ಕಂಡು ಗಂಟಲು ಹರಿಯುವಂತೆ ಅಳುತ್ತಿತ್ತು. ಆ ಅಳು ಕೇಳಿ ಎಡಚಿಗೆ ಜೀವ ಬಂದಂತಾಯಿತು. ಅವಳು ಗೇಟಿನ ಕಡೆ ಹೋಗದೆ ಹಿತ್ತಿಲಿಗೆ ಹೋಗಿ, ತಾನು ಅತ್ತಿದ್ದ ದಿಬ್ಬದ ಮೇಲೇ ಕಾಲು ಚಾಚಿ ಕೂತಳು. ಮಗುವನ್ನು ಮಡಿಲಿಗೆ ಹಾಕಿಕೊಂಡು ರವಿಕೆಗೆ ಸಿಕ್ಕಿಸಿದ್ದ ಸೂಜಿಗೆ ದಾರ ಪೋಣಿಸಿದಳು.

ದೊಡ್ಡಮ್ಮ ಕಿಟಕಿಗೆ ಬಂದಳು. "ಗೇಟು ದಾಟಿದ್ರೆ ಮತ್ತೆ ಒಳಗೆ ಸೇರಿಸಲ್ಲ."

"ಇದೊಂದು ಮುಗಿಸಿ ಹೋಗ್ತೀನಿ. ನನ್ನ ಮಗಳು ಬಿಗಿ ಅಂಗಿ ಹಾಕ್ಕೊಂಡು ಹೊರಡೋದು ಬೇಡ."

ಒಂದೊಂದೇ ಕಿಟಕಿಯಲ್ಲಿ ಹೆಂಗಸರು ಬಂದು ನಿಂತರು. ಬಿಸಿಲು ಚೆನ್ನಾಗಿತ್ತು. ಎಡಚಿ ಅವಸರ ಮಾಡಲಿಲ್ಲ. ಎರಡೂ ಕಂಕುಳು ಬಿಚ್ಚಿ, ಬಟ್ಟೆ ಸೇರಿಸಿ, ಎಡಗೈಯಲ್ಲಿ ಸಣ್ಣಗೆ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು.