ಪೂಜೆಗಿಟ್ಟ ಕಬ್ಬಿಣದ ಗುಂಡು

ಎರಡು ಸಾವಿರದ ಎಂಟನೇ ಇಸವಿಯ ಮೇ ತಿಂಗಳು. ದೆಹಲಿಯ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಕೂಲರಿಗೆ ನೀರು ತುಂಬಲು ಸ್ಟೂಲು ಹತ್ತಿದವನು ಜಾರಿ ಬಿದ್ದೆ. ಎಡಗೈ ಮೂಳೆ ಭುಜದ ಕೆಳಗೆ ಮುರಿಯಿತು. ಬಲಗೈ ಮುರಿದಿದ್ದರೆ ಉಣ್ಣುವುದಕ್ಕೆ ಕಷ್ಟವಾಗುತ್ತಿತ್ತು, ಅಷ್ಟೆ. ಎಡಗೈ ಮುರಿದದ್ದರಿಂದ ಅನ್ನಕ್ಕೇ ಕುತ್ತು ಬಂತು. ನಾನು ಸರ್ಕಾರಿ ಡ್ರೈವರು. ಅಂಬಾಸಿಡರಿನ ಗೇರು ಎಡಗೈಯ ಕೆಲಸ.

ಪಟ್ಟಿ ಬಿಚ್ಚಿದಾಗ ತೋಳು ನುಗ್ಗೇಕಾಯಿಯಂತಾಗಿತ್ತು. ದಸರಾ ಮುಗಿದ ಮಾರನೆಯ ದಿನ ಡಾಕ್ಟರು ಪರೀಕ್ಷೆ ಮಾಡುತ್ತಾರೆ, ಪಾಸಾಗದಿದ್ದರೆ ಗೇಟಿನ ಹತ್ತಿರ ಕುರ್ಚಿ, ಎಂದು ಆಫೀಸಿನಿಂದ ಕಾಗದ ಬಂತು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಮೂವತ್ತೊಂದು ವರ್ಷ ಗಾಡಿ ಓಡಿಸಿದವನು ಬೇರೆಯವರ ಗಾಡಿಗೆ ಗೇಟು ತೆಗೆಯುವುದೆಂದರೆ ನನಗೆ ಬಹಳ ಭಾರವಾಗಿತ್ತು.

ವ್ಯಾಯಾಮ ಹೇಳಿಕೊಡುತ್ತಿದ್ದ ಪೂನಮ್ ಮೇಡಂ ಹರಿಯಾಣದವರು. ಅವರು ನಾಲ್ಕು ಕಿಲೋದ ಒಂದು ಕಬ್ಬಿಣದ ಗುಂಡು ಕೊಟ್ಟರು. ಮೇಲೆ ಹಿಡಿ, ಮೂತಿಯಿಲ್ಲದ ಕೆಟಲಿನ ಹಾಗೆ. ಕೆಟಲ್‌ಬೆಲ್ ಅಂತಲೇ ಅದರ ಹೆಸರು.

"ಅಂಕಲ್‌ಜೀ, ಕೈಯಿಂದ ಎತ್ತಬೇಡಿ, ಸೊಂಟದಿಂದ ಎತ್ತಿ. ಹತ್ತೇ ಸಲ. ಏಕ್ ದಿನ್ ಛೋಡ್‌ಕೇ," ಎಂದರು.

ಮೊದಲ ತಿಂಗಳು ಹಾಗೇ ದಿನ ಬಿಟ್ಟು ದಿನ ಮಾಡಿದೆ. ಬೆರಳಿಗೆ ಹಿಡಿತ ಬಂತು, ಆರು ಕಿಲೋದ ಗುಂಡಿಗೆ ಹೋದೆ. ಪರೀಕ್ಷೆ ಹತ್ತಿರವಾದಾಗ ಒಂದು ದಿನ ಬಿಡುವುದು ಸೋಮಾರಿಗಳ ಲೆಕ್ಕ ಅನ್ನಿಸಿತು. ದಿನಾ ಮಾಡಿದೆ. ಆಮೇಲೆ ಬೆಳಿಗ್ಗೆಯೂ ಸಂಜೆಯೂ. ನವರಾತ್ರಿ ಶುರುವಾಗುವ ಹೊತ್ತಿಗೆ ಭುಜ ಊದಿತ್ತು, ತಟ್ಟೆ ಹಿಡಿದರೂ ನೋವು. ಮೂಳೆ ಮತ್ತೆ ಬಿಟ್ಟಿತೇನೋ ಎಂಬ ಹೆದರಿಕೆ. ಯಾರಿಗೂ ಹೇಳಲಿಲ್ಲ.

ಆಯುಧಪೂಜೆ ಬಂತು. ನನ್ನ ಹೆಂಡತಿ ವಿಮಲಾ ಈಳಿಗೆಮಣೆ, ಕತ್ತರಿ, ನನ್ನ ಪಾನಾ, ಮಗಳು ಇಂಚರಾಳ ಲ್ಯಾಪ್‌ಟಾಪು, ಎಲ್ಲವನ್ನೂ ಸಾಲಾಗಿಟ್ಟು ಕುಂಕುಮ ಹಚ್ಚಿದಳು. ಇಂಚರಾ ಗುಂಡನ್ನೂ ತಂದಿಟ್ಟು ಹಿಡಿಗೆ ಚೆಂಡುಹೂವು ಸುತ್ತಿದಳು.

"ಅದನ್ಯಾಕೆ ಇಟ್ಟೆ? ಸಂಜೆ ನಂಗೆ ಬೇಕು," ಎಂದೆ.

"ಪೂಜೆಗಿಟ್ಟದ್ದನ್ನ ನಾಳೆ ತನಕ ಮುಟ್ಟೋ ಹಾಗಿಲ್ಲ. ನಿಮಗೆ ನಾನು ಹೇಳಬೇಕಾ?" ಎಂದಳು ವಿಮಲಾ.

"ನಾಡಿದ್ದು ಪರೀಕ್ಷೆ ಕಣೇ. ಒಂದು ಹೊತ್ತೂ ತಪ್ಪಿಸಿಲ್ಲ."

ಇಂಚರಾ ತಿರುಗಿ ನೋಡಿದಳು. "ಒಂದು ಹೊತ್ತೂ ಅಂದ್ರೆ? ಅಪ್ಪಾ, ಆಪ್ ರೋಜ್ ಕರ್ ರಹೇ ಹೋ?"

"ದಿನಾ, ಎರಡೆರಡು ಸಲ," ಎಂದೆ.

ಅವಳು ನನ್ನ ಭುಜ ಮುಟ್ಟಿ ನೋಡಿ, ಅಲ್ಲೇ ನಿಂತು ಪೂನಮ್ ಮೇಡಂಗೆ ಫೋನು ಮಾಡಿದಳು. ಮೇಡಂ ಬೈದದ್ದು ನನಗೂ ಕೇಳಿಸಿತು. ಬಿಟ್ಟ ದಿನವೇ ಮಾಂಸ ಬೆಳೆಯುವುದಂತೆ. ನಾನು ಬೆಳೆಯಲು ಬಿಟ್ಟೇ ಇರಲಿಲ್ಲ. ಪರೀಕ್ಷೆಯವರೆಗೆ ಗುಂಡು ಮುಟ್ಟಕೂಡದು, ಬರೀ ಐಸು ಇಡಿ ಅಂದರು.

"ದೇವರು ಹೇಳಿದ್ರೆ ಕೇಳಲ್ಲ, ಮೇಡಂ ಹೇಳಿದ್ರಾದ್ರೂ ಕೇಳಿ," ಎಂದಳು ವಿಮಲಾ.

ಆ ದಿನ ಎರಡು ಸಲ ಕೈ ಅತ್ತ ಹೋಯಿತು. ಕುಂಕುಮ ಕಂಡು ಹಿಂದಕ್ಕೆ ಬಂತು. ವಿಜಯದಶಮಿಯ ಬೆಳಿಗ್ಗೆ ಲೋಟ ಹಿಡಿದಾಗ ನೋವು ಅರ್ಧಕ್ಕೆ ಇಳಿದಿತ್ತು. ಸಂಜೆಗೆ ಊತವೂ ಇಳಿಯಿತು.

ಪರೀಕ್ಷೆಯ ದಿನ ಡಾಕ್ಟರು ಕೈ ಎತ್ತಿಸಿದರು, ತಮ್ಮ ಬೆರಳು ಹಿಸುಕು ಎಂದರು. ಕೊನೆಗೆ ಆಸ್ಪತ್ರೆಯ ಹಿತ್ತಲಿನಲ್ಲಿ ಒಂದು ಹಳೇ ಅಂಬಾಸಿಡರಿನಲ್ಲಿ ಕೂರಿಸಿದರು. ಗೇರು ಬಿಗಿಯಾಗಿತ್ತು. ಒಂದನೆಯದು ಬಿತ್ತು, ಎರಡನೆಯದು ಬಿತ್ತು. ರಿವರ್ಸಿಗೆ ಸ್ವಲ್ಪ ಹೆಣಗಿದೆ, ಅದೂ ಬಿತ್ತು.

"ಠೀಕ್ ಹೈ," ಎಂದು ಡಾಕ್ಟರು ಸಹಿ ಹಾಕಿದರು.

ಹೊರಗೆ ಬಂದು ಮನೆಗೆ ಫೋನು ಮಾಡಿದೆ.

"ಏನಾಯ್ತೂಂದ್ರೆ?" ಎಂದಳು ವಿಮಲಾ.

"ಸೋಮವಾರ ಆರಕ್ಕೆ ಡ್ಯೂಟಿ."

"ಹಾಗಾದ್ರೆ ಬೇಗ ಬನ್ನಿ, ಯೂನಿಫಾರಂ ಇಸ್ತ್ರಿಗೆ ಕೊಡಬೇಕು," ಎಂದಳು.